ಪಕ್ಕದ ಮನೆಯವರು ನಿಮ್ಮ ವೈಫೈ ಬಳಸುತ್ತಿದ್ದರೆ: ಜಗಳ ಇಲ್ಲದೆ ಬೀಗ ಹಾಕುವುದು ಹೇಗೆ

ರಾತ್ರಿ ಎಂಟೂವರೆ. ನಮ್ಮ ಯಜಮಾನರು ಟಿವಿಯಲ್ಲಿ ಯೂಟ್ಯೂಬ್ ವಾರ್ತೆ ಹಾಕಿಕೊಂಡು ಕೂತಿದ್ದರು. ಇದ್ದಕ್ಕಿದ್ದಂತೆ ವಾರ್ತೆ ಹೋಯಿತು, ಯಾರೋ ಬಂದೂಕು ಹಿಡಿದು ಓಡುವ ಗೇಮ್ ವಿಡಿಯೋ ಬಂತು. "ಏನೇ ಒತ್ತಿದೆ?" ಎಂದು ಕೂಗಿದರು. ನಾನು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ. ನನ್ನ ಕೈಯಲ್ಲಿದ್ದದ್ದು ಮುದ್ದೆ ಕೋಲು, ರಿಮೋಟ್ ಅಲ್ಲ.

ದೆವ್ವವೂ ಅಲ್ಲ, ಟಿವಿ ಕೆಟ್ಟದ್ದೂ ಅಲ್ಲ. ಒಂದೇ ವೈಫೈನಲ್ಲಿರುವ ಯಾವ ಫೋನಿನಿಂದ ಬೇಕಾದರೂ ಸ್ಮಾರ್ಟ್ ಟಿವಿಗೆ ವಿಡಿಯೋ ಕಳಿಸಬಹುದು. ಯಾರೋ ತಮ್ಮ ಟಿವಿ ಎಂದುಕೊಂಡು ನಮ್ಮ ಟಿವಿಯನ್ನು ಒತ್ತಿದ್ದರು. ಅಂದರೆ ಆ ಯಾರೋ ನಮ್ಮ ವೈಫೈನಲ್ಲಿ ಇದ್ದರು.

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಪಾಠ ಮಾಡಿ ರಿಟೈರ್ ಆದವಳು. ಕಂಪ್ಯೂಟರ್ ಓದಿಲ್ಲ. ನಮ್ಮ ಮನೆ ಹಾಸನದ ಸಾಲಗಾಮೆ ರಸ್ತೆ ಕಡೆ. ಎಂಜಿನಿಯರಿಂಗ್ ಕಾಲೇಜು ಹತ್ತಿರ, ಹಾಗಾಗಿ ಸುತ್ತ ಪಿಜಿಗಳು, ಹುಡುಗರ ರೂಮುಗಳು ಜಾಸ್ತಿ. ಮೇ ತಿಂಗಳ ಗುಡುಗು ಮಳೆಗೆ ನಮ್ಮ ಹಳೇ ರೂಟರ್ ಸುಟ್ಟಿತ್ತು. ಹೊಸದು ಹಾಕಲು ಬಂದ ಹುಡುಗ, "ಪಾಸ್‌ವರ್ಡ್ ಆಮೇಲೆ ನೀವೇ ಹಾಕ್ಕೊಳ್ಳಿ ಮೇಡಂ" ಎಂದು ಬೈಕ್ ಹತ್ತಿದ. ಆಮೇಲೆ ಎನ್ನುವುದು ಬರಲೇ ಇಲ್ಲ. ಐದು ತಿಂಗಳು ನಮ್ಮ ಮನೆ ವೈಫೈ ಧರ್ಮಛತ್ರ ಆಗಿತ್ತು.

ನಿಮ್ಮ ಮನೆಯಲ್ಲೂ ಹೀಗಿದೆಯಾ ಎಂದು ಮೊದಲು ನೋಡಿಕೊಳ್ಳಿ. ಫೋನಿನ ವೈಫೈ ಪಟ್ಟಿಯಲ್ಲಿ ನಿಮ್ಮ ನೆಟ್‌ವರ್ಕ್ ಹೆಸರಿನ ಪಕ್ಕ ಪುಟ್ಟ ಬೀಗದ ಚಿತ್ರ ಇಲ್ಲದಿದ್ದರೆ ಬಾಗಿಲು ತೆರೆದೇ ಇದೆ. ಬೀಗ ಇದ್ದೂ ನೆಟ್ ನಿಧಾನ ಅನ್ನಿಸಿದರೆ ಪಾಸ್‌ವರ್ಡ್ ಯಾರಿಗೋ ಸಿಕ್ಕಿರಬಹುದು. ನಾನು ಮಾಡಿದ ಪರೀಕ್ಷೆ ಇನ್ನೂ ಸುಲಭ. ಭಾನುವಾರ ಸಂಜೆ ರೂಟರ್ ಸ್ವಿಚ್ ಆಫ್ ಮಾಡಿ ವರಾಂಡದಲ್ಲಿ ಹೂ ಕಟ್ಟುತ್ತಾ ಕೂತೆ. ಎರಡು ನಿಮಿಷಕ್ಕೆ ಪಕ್ಕದ ಮನೆ ಹುಡುಗ ಕಾಂಪೌಂಡ್ ಹತ್ತಿರ ಬಂದ. "ಮಿಸ್, ನಿಮ್ಮನೇಲಿ ಕರೆಂಟ್ ಹೋಗಿದ್ಯಾ?" ನನ್ನ ತಲೆ ಮೇಲೆ ಲೈಟು ಉರಿಯುತ್ತಿತ್ತು.

ಸರಿಯಾದ ಲೆಕ್ಕ ಬೇಕಾದರೆ ರೂಟರ್ ಒಳಗೇ ಹೋಗಬೇಕು. ರೂಟರನ್ನು ತಿರುಗಿಸಿ, ಅಡಿಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ, ಅಕ್ಷರ ಇರುವೆಯಷ್ಟು ಇರುತ್ತವೆ. ಅದರಲ್ಲಿ 192.168.1.1 ಅಥವಾ 192.168.0.1 ಎಂಬಂಥ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತದೆ. ಫೋನನ್ನು ಮನೆಯ ವೈಫೈಗೆ ಸೇರಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರ್‌ನಲ್ಲಿ ಆ ಅಂಕಿ ಹೊಡೆಯಿರಿ. ಒಳಗೆ ಹೋದ ಮೇಲೆ ಕನೆಕ್ಟೆಡ್ ಡಿವೈಸಸ್ ಅಥವಾ ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್ ಎಂದು ಹುಡುಕಿ. ನಮ್ಮ ಮನೆಯಲ್ಲಿ ಇರುವುದು ಎರಡು ಫೋನು, ಒಂದು ಟಿವಿ. ಪಟ್ಟಿಯಲ್ಲಿ ಇದ್ದದ್ದು 14.

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಪಟ್ಟಿ ನೋಡಿದ ಕೂಡಲೇ ಪಕ್ಕದ ಮನೆ ಗೇಟು ಬಡಿಯಬೇಡಿ. 14ರಲ್ಲಿ ಇಎಸ್‌ಪಿ ಎಂದು ಶುರುವಾಗುವ ಒಂದು ಹೆಸರಿತ್ತು. ಯಾರೋ ಪೊಲೀಸ್ ಸಾಹೇಬರ ಫೋನ್ ಇರಬೇಕು ಎಂದುಕೊಂಡೆ! ಮಗನನ್ನು ಕೇಳಿದರೆ, ಹೋದ ವರ್ಷ ಅವನೇ ವರಾಂಡಕ್ಕೆ ಹಾಕಿದ ಸ್ಮಾರ್ಟ್ ಬಲ್ಬ್ ಅದು. ಅಂಥ ಬಲ್ಬು, ಪ್ಲಗ್ಗುಗಳ ಒಳಗಿನ ಚಿಪ್ಪಿನ ಹೆಸರು ಹಾಗೆ ಕಾಣುತ್ತದೆ. ಇನ್ನೊಂದು ವಿಷಯ, ಈಗಿನ ಫೋನುಗಳು ನಿಜವಾದ ಮ್ಯಾಕ್ ಅಡ್ರೆಸ್ (ಸಾಮಾನಿನ ಗುರುತಿನ ನಂಬರ್) ತೋರಿಸದೆ ಒಂದು ನಕಲಿ ನಂಬರ್ ಕೊಡುತ್ತವೆ. ಹಾಗಾಗಿ ಪಟ್ಟಿ ಇಟ್ಟುಕೊಂಡು ಇದು ಇಂಥವರದೇ ಎಂದು ಆಣೆ ಇಡಲು ಆಗುವುದಿಲ್ಲ. ನಿಮ್ಮ ಮನೆಯ ಒಂದೊಂದೇ ಸಾಮಾನಿನ ವೈಫೈ ಆಫ್ ಮಾಡುತ್ತಾ ಪಟ್ಟಿಯಿಂದ ಯಾವುದು ಹೋಗುತ್ತದೆ ಎಂದು ಗುರುತು ಹಾಕಿ. ಉಳಿದದ್ದು ಹೆಚ್ಚಾಗಿ ಹೊರಗಿನವರದು. ಅಷ್ಟು ಗೊತ್ತಾದರೆ ಸಾಕು.

"ಹೋಗಲಿ ಬಿಡು, ಮಕ್ಕಳು ನೋಡ್ಕೊಳ್ಲಿ" ಎಂದರು ನಮ್ಮ ಯಜಮಾನರು. ನನಗೂ ಡೇಟಾ ಖರ್ಚಿನ ಚಿಂತೆ ಅಷ್ಟಿರಲಿಲ್ಲ. ಚಿಂತೆ ಇದ್ದದ್ದು ಹೆಸರಿನದು. ಆ ಲೈನಿನಿಂದ ಯಾರು ಏನೇ ಕಳಿಸಿದರೂ ಹೊರಗಿನವರಿಗೆ ಕಾಣುವುದು ನಮ್ಮ ಐಪಿ ಅಡ್ರೆಸ್ (ಇಂಟರ್ನೆಟ್ಟಿನಲ್ಲಿ ನಮ್ಮ ಲೈನಿನ ವಿಳಾಸ), ಬಿಲ್ ಇರುವುದು ನಮ್ಮ ಹೆಸರಲ್ಲಿ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮೊದಲು ಬಂದ ಬೆದರಿಕೆ ಇಮೇಲ್ ಯಾರ ಲೈನಿನಿಂದ ಹೋಗಿತ್ತು ಗೊತ್ತಾ? ನವಿ ಮುಂಬೈನಲ್ಲಿದ್ದ ಒಬ್ಬ ಅಮೆರಿಕನ್ನರ ಮನೆಯ ವೈಫೈನಿಂದ. ಅದಕ್ಕೂ ಬೀಗ ಇರಲಿಲ್ಲ. ಪೊಲೀಸರು ಹುಡುಕಿಕೊಂಡು ಹೋಗಿದ್ದು ಅವರ ಮನೆಗೇ. ಕಾನೂನೇನೋ ಇದೆ. ಮಾಲೀಕರ ಅನುಮತಿ ಇಲ್ಲದೆ ನೆಟ್‌ವರ್ಕ್ ಒಳಗೆ ಬರುವುದು 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್‌ಗೆ ಬರುತ್ತದೆ. ಮೋಸದ ಉದ್ದೇಶ ಇದ್ದರೆ 66ನೇ ಸೆಕ್ಷನ್, 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಪಿಯುಸಿ ಓದುವ ಹುಡುಗನ ಮೇಲೆ ಕಂಪ್ಲೇಂಟ್ ಕೊಡಲು ಸ್ಟೇಷನ್ ಹತ್ತುವವಳು ನಾನಲ್ಲ. ಬೀಗ ಹಾಕದೆ ಬಿಟ್ಟವಳು ನಾನೇ ಅಲ್ವಾ?

ಈಗ ಬೀಗದ ಕೆಲಸ. ರೂಟರ್ ಪುಟದಲ್ಲಿ ವೈರ್‌ಲೆಸ್ ಅಥವಾ ಡಬ್ಲ್ಯೂಲ್ಯಾನ್ ಎಂದಿರುವ ಕಡೆ ಹೋಗಿ ಸೆಕ್ಯುರಿಟಿ ತೆರೆಯಿರಿ. ನಮ್ಮದರಲ್ಲಿ ಓಪನ್ ಎಂದಿತ್ತು. ಅಲ್ಲಿ ಡಬ್ಲ್ಯೂಪಿಎ2 ಎಂಬ ಬೀಗ ಆರಿಸಿ, ಜೊತೆಗೆ ಎಇಎಸ್ ಎಂಬ ಗೂಢಲಿಪಿ ಇರಲಿ. ಡಬ್ಲ್ಯೂಪಿಎ3 ಇದ್ದರೆ ಇನ್ನೂ ಒಳ್ಳೆಯದು, ಅದು 2018ರಲ್ಲಿ ಬಂದದ್ದು. ಆದರೆ ಹಳೇ ಟಿವಿ, ಹಳೇ ಫೋನುಗಳಿಗೆ ಅದು ಆಗಿಬರುವುದಿಲ್ಲ, ಎರಡೂ ಸೇರಿದ ಮಿಕ್ಸೆಡ್ ಆಯ್ಕೆ ಹಾಕಿ. ಡಬ್ಲ್ಯೂಇಪಿ ಎಂಬ ಹಳೇ ಬೀಗವೂ ಕಾಣಬಹುದು. ಅದನ್ನು ಒಡೆಯುವ ದಾರಿ 2001ರಲ್ಲೇ ಗೊತ್ತಾಗಿದೆ, ಮುಟ್ಟಬೇಡಿ. ಹೊಸ ರೂಟರ್‌ಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ನೆಟ್‌ವರ್ಕ್ ಇರುತ್ತವೆ. ಬಹಳ ಜನ ಒಂದಕ್ಕೆ ಬೀಗ ಹಾಕಿ ಇನ್ನೊಂದನ್ನು ಮರೆಯುತ್ತಾರೆ. ಮುಂಬಾಗಿಲಿಗೆ ಚಿಲಕ, ಹಿತ್ತಿಲ ಬಾಗಿಲು ಹಾಗೇ. ಎರಡಕ್ಕೂ ಹಾಕಿ. ನೆಟ್‌ವರ್ಕ್ ಹೆಸರನ್ನೂ ಬದಲಾಯಿಸಿ. ಮನೆ ನಂಬರ್, ನಿಮ್ಮ ಹೆಸರು ಅದರಲ್ಲಿ ಬೇಡ.

ಪಾಸ್‌ವರ್ಡನ್ನು ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಹೊಡೆಯಿರಿ. ಸೇವ್ ಒತ್ತಿದ ಕೂಡಲೇ ನಿಮ್ಮ ಫೋನೂ ಕಟ್ ಆಗುತ್ತದೆ. ಹೆದರಬೇಡಿ, ಹೊಸ ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಕೊಳ್ಳಿ.

ಎಂಥ ಪಾಸ್‌ವರ್ಡ್? ಇದು ನನ್ನ ವಿಷಯ, ಸ್ವಲ್ಪ ಎಳೆಯುತ್ತೇನೆ. ಕನಿಷ್ಠ 8 ಅಕ್ಷರ, ಗರಿಷ್ಠ 63 ಇಡಬಹುದು. ಬರೀ 8 ಅಂಕಿ ಇಟ್ಟರೆ ಒಟ್ಟು ಸಾಧ್ಯತೆ 10 ಕೋಟಿ. ದೊಡ್ಡದು ಅನ್ನಿಸುತ್ತದೆ. ಆದರೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಸೆಕೆಂಡಿಗೆ ಲಕ್ಷಗಟ್ಟಲೆ ಊಹೆ ಮಾಡುತ್ತದೆ. ಸೆಕೆಂಡಿಗೆ 5 ಲಕ್ಷ ಎಂದು ಹಿಡಿದರೂ 200 ಸೆಕೆಂಡಿಗೆ ಮುಗಿಯಿತು. ಅನ್ನ ಕುಕ್ಕರ್‌ನಲ್ಲಿ ಒಂದು ವಿಜಿಲ್ ಬರುವಷ್ಟರಲ್ಲಿ. ಮೊಬೈಲ್ ನಂಬರ್ ಇಟ್ಟರೆ? ನಮ್ಮ ದೇಶದ ನಂಬರ್ 6ರಿಂದ 9ರೊಳಗೇ ಶುರುವಾಗಬೇಕು, ಹಾಗಾಗಿ 400 ಕೋಟಿ. ಅದೇ ವೇಗದಲ್ಲಿ ಎರಡೂಕಾಲು ಗಂಟೆ ಸಾಕು. ಅಷ್ಟು ಕಷ್ಟವೂ ಬೇಡ ಬಿಡಿ, ನಿಮ್ಮ ನಂಬರ್ ಹಾಲಿನವರ ಹತ್ತಿರವೇ ಇರುತ್ತದೆ. ಹಾಸನ ಎಂದು ಬರೆದು ಮುಂದೆ 573201 ಸೇರಿಸುವುದೂ ಅಷ್ಟೇ, ಊರಿಗೆಲ್ಲ ಗೊತ್ತಿರುವ ಪಿನ್‌ಕೋಡು.

ನಾಲ್ಕೈದು ಕನ್ನಡ ಪದ ತೆಗೆದುಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ. ಒಂದಕ್ಕೊಂದು ಸಂಬಂಧ ಇರಬಾರದು. ಹುರುಳಿ, ಏಣಿ, ಗೊರೂರು, ಕೊಡೆ, ಹದಿನೇಳು, ಹೀಗೆ. ಗಾದೆ, ದೇವರ ನಾಮದ ಸಾಲು ಬೇಡ. ಉದ್ದ ಇರುತ್ತದೆ, ಮನೆಯವರಿಗೆ ನೆನಪೂ ಉಳಿಯುತ್ತದೆ. ಈ ಐದು ಪದವನ್ನೇ ಇಡಬೇಡಿ ಮತ್ತೆ.

ಇಷ್ಟಕ್ಕೇ ನಿಲ್ಲಿಸಬೇಡಿ. ರೂಟರ್ ಪುಟಕ್ಕೇ ಒಂದು ಪಾಸ್‌ವರ್ಡ್ ಇರುತ್ತದಲ್ಲ, ಎಷ್ಟೋ ಮನೆಗಳಲ್ಲಿ ಅದು ಅಡ್ಮಿನ್ ಎಂದೇ ಇರುತ್ತದೆ. ಅದನ್ನೂ ಬದಲಾಯಿಸಿ. ಇಲ್ಲದಿದ್ದರೆ ಒಳಗೆ ಬಂದವರು ನಿಮ್ಮ ಬೀಗವನ್ನೇ ಬದಲಾಯಿಸಬಹುದು. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದಲೇ ರೂಟರ್ ಪುಟ ತೆರೆಯುವ ಸೌಲಭ್ಯ) ಆನ್ ಇದ್ದರೆ ಆಫ್ ಮಾಡಿ. ಪಾಸ್‌ವರ್ಡ್ ಬದಲು ಪಿನ್ ಹೊಡೆದು ಸೇರಿಕೊಳ್ಳುವ ಡಬ್ಲ್ಯೂಪಿಎಸ್ ಎಂಬುದನ್ನೂ ಆಫ್ ಮಾಡಿ. ಇದರ ಲೆಕ್ಕ ನೋಡಿ ನನಗೆ ನಗು ಬಂತು. 8 ಅಂಕಿಯ ಪಿನ್ ಅಂತೆ. ಕೊನೆಯ ಅಂಕಿ ಮೊದಲಿನ ಏಳರಿಂದಲೇ ಬರುತ್ತದೆ. ಅದೂ ಸಾಲದು ಎಂದು, ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂದು ರೂಟರ್ ಬೇರೆಯಾಗಿ ಹೇಳಿಬಿಡುತ್ತದೆ. ಹಾಗಾದರೆ ಮೊದಲ ನಾಲ್ಕಕ್ಕೆ 10,000, ಉಳಿದ ಮೂರಕ್ಕೆ 1,000. ಕೋಟಿ ಇರಬೇಕಾದದ್ದು 11,000 ಪ್ರಯತ್ನಕ್ಕೆ ಇಳಿಯಿತು. 2011ರಲ್ಲಿ ಈ ತೂತು ಹೊರಬಿತ್ತು. ಪರೀಕ್ಷೆಯಲ್ಲಿ ಅರ್ಧ ಉತ್ತರಕ್ಕೆ ಮೇಷ್ಟ್ರೇ ತಲೆಯಾಡಿಸಿದ ಹಾಗೆ.

ಕೆಲವರು ನೆಟ್‌ವರ್ಕ್ ಹೆಸರು ಅಡಗಿಸಿ ಎನ್ನುತ್ತಾರೆ, ಮ್ಯಾಕ್ ನಂಬರ್ ನೋಡಿ ಒಳಬಿಡುವ ಮ್ಯಾಕ್ ಫಿಲ್ಟರ್ ಹಾಕಿ ಎನ್ನುತ್ತಾರೆ. ಸುಮ್ನೆ ಕೆಲಸ. ತೊಂದರೆ ಆಗುವುದು ನಿಮಗೇ.

ಒಂದು ತಪ್ಪು ಮಾತ್ರ ನನ್ನ ಹಾಗೆ ಮಾಡಬೇಡಿ. ರೂಟರ್ ಹಿಂದೆ ಸೂಜಿ ತೂತಿನಂಥ ರೀಸೆಟ್ ಇರುತ್ತದೆ. ಎಲ್ಲ ಹೊಸದಾಗಿ ಶುರು ಮಾಡೋಣ ಎಂದು ಸೇಫ್ಟಿ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿದೆ. ಫೈಬರ್ ಬಾಕ್ಸ್‌ನಲ್ಲಿ ಹಾಗೆ ಮಾಡಿದರೆ ಕಂಪನಿಯವರು ಹಾಕಿಟ್ಟ ಲಾಗಿನ್ ವಿವರವೂ ಅಳಿಸಿಹೋಗಬಹುದು. ನಮ್ಮದು ಹೋಯಿತು. ಶುಕ್ರವಾರ ಒತ್ತಿದ್ದು, ರೂಟರ್ ಹಾಕಿದ್ದ ಹುಡುಗ ಬಂದದ್ದು ಸೋಮವಾರ. ಮೂರು ದಿನ ಮೊಮ್ಮಗಳ ವಿಡಿಯೋ ಕಾಲ್ ಇಲ್ಲ, ಪಿಜಿಯ ಹುಡುಗರಿಗೂ ಇಲ್ಲ.

ಬೀಗ ಹಾಕಿದ ಮೇಲೆ ಟಿವಿ, ಬಲ್ಬು, ಕ್ಯಾಮೆರಾ ಎಲ್ಲವನ್ನೂ ಒಂದೊಂದಾಗಿ ಮತ್ತೆ ಸೇರಿಸಬೇಕು. ರಿಮೋಟಿನಲ್ಲಿ ಉದ್ದದ ಪಾಸ್‌ವರ್ಡ್ ಹೊಡೆಯುವಾಗ ನನ್ನನ್ನು ಬೈದುಕೊಳ್ಳುತ್ತೀರಿ, ಬೈದುಕೊಳ್ಳಿ. ಇನ್ನೊಂದು ಎಚ್ಚರ: ಆಂಡ್ರಾಯ್ಡ್ ಫೋನುಗಳಲ್ಲಿ ವೈಫೈ ಶೇರ್ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ, ಎಷ್ಟೋ ಫೋನುಗಳಲ್ಲಿ ಅದರ ಕೆಳಗೆ ಪಾಸ್‌ವರ್ಡೂ ಕಾಣುತ್ತದೆ. ಒಬ್ಬರಿಗೆ ಕೊಟ್ಟರೆ ಬೀದಿಗೆ ಕೊಟ್ಟ ಹಾಗೆ.

ಹಾಗಾದರೆ ನೆಂಟರು ಬಂದರೆ? ಹಾಸನಾಂಬೆ ಬಾಗಿಲು ತೆಗೆದಾಗ ನಮ್ಮ ಮನೆಯಲ್ಲಿ ಕನಿಷ್ಠ ಎಂಟು ಜನ ಇರುತ್ತಾರೆ. ಕಾಫಿಗಿಂತ ಮುಂಚೆ ಕೇಳುವುದು ಪಾಸ್‌ವರ್ಡ್. ಅದಕ್ಕೇ ಇರುವುದು ಗೆಸ್ಟ್ ನೆಟ್‌ವರ್ಕ್. ಕೆಲವು ಬಾಕ್ಸ್‌ಗಳಲ್ಲಿ ಎಸ್‌ಎಸ್‌ಐಡಿ-2 ಎಂದಿರುತ್ತದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ, ಐಸೊಲೇಶನ್ ಎಂಬುದನ್ನು ಆನ್ ಮಾಡಿ. ಅವರಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಟಿವಿ ಸಿಗುವುದಿಲ್ಲ. ನೆಂಟರು ಹೊರಟ ಮೇಲೆ ಬರೀ ಈ ಗೆಸ್ಟ್ ಪಾಸ್‌ವರ್ಡ್ ಬದಲಾಯಿಸಿದರೆ ನಿಮ್ಮ ಸಾಮಾನುಗಳನ್ನು ಮುಟ್ಟಬೇಕಾಗಿಲ್ಲ.

ಬೀಗ ಹಾಕಿದ ಮಾರನೇ ದಿನ ಪಕ್ಕದ ಮನೆಯಾಕೆ ಒಂದು ಪಾತ್ರೆ ಅವರೆಕಾಳು ಹಿಡಿದು ಬಂದರು. ಅದೂ ಇದೂ ಮಾತಾಡಿ, ಕೊನೆಗೆ, "ಮಿಸ್, ನೆಟ್ ಬರ್ತಿಲ್ವಂತೆ, ಮಗ ಹೇಳ್ದ" ಎಂದರು. ತಾವು ಬಳಸುತ್ತಿರುವುದು ನಮ್ಮದು ಎಂದು ಆಕೆಗೆ ಗೊತ್ತೇ ಇರಲಿಲ್ಲ. ಊರಿಗೆಲ್ಲ ಫ್ರೀ ಬಿಟ್ಟಿದ್ದಾರೆ ಎಂದು ಮಗ ಹೇಳಿದ್ದನಂತೆ. ನೀವೂ ಇಂಥ ಹೊತ್ತಿನಲ್ಲಿ ಕದ್ದಿರಿ ಎಂಬ ಮಾತು ಎತ್ತಬೇಡಿ. "ರೂಟರ್ ಹೊಸದಾಗಿ ಸೆಟ್ ಮಾಡಿಸಿದ್ವಿ ಕಣಮ್ಮ, ಈಗ ಪಾಸ್‌ವರ್ಡ್ ಬಂದಿದೆ" ಎಂದರೆ ಸಾಕು. ಕೊಡುವ ಮನಸ್ಸಿದ್ದರೆ ಗೆಸ್ಟ್ ಕೊಡಿ, ಇಲ್ಲದಿದ್ದರೆ ಅವರೆಕಾಳಿಗೆ ಥ್ಯಾಂಕ್ಸ್ ಹೇಳಿ ಪಾತ್ರೆಗೆ ಏನಾದರೂ ಹಾಕಿ ಕಳಿಸಿ. ಗೆಸ್ಟ್ ಕೊಟ್ಟರೂ ಐಪಿ ಅಡ್ರೆಸ್ ನಿಮ್ಮದೇ ಎನ್ನುವುದು ನೆನಪಿರಲಿ. ನಂಬುವವರಿಗೆ ಮಾತ್ರ.

ನಾನು ಕೊಟ್ಟೆ. ಹುಡುಗನನ್ನು ಕರೆದು, ಇದು ಪರೀಕ್ಷೆ ಮುಗಿಯುವವರೆಗೆ, ಪಿಜಿಗೆ ಹೋಗಬಾರದು ಎಂದೆ. ಅವನ ಫೋನಿನಲ್ಲೇ ಯೂಟ್ಯೂಬ್ ತೆಗೆಸಿ, ನಮ್ಮ ಟಿವಿ ಕಾಣುತ್ತಾ ನೋಡು ಎಂದೆ. ಈ ಪರೀಕ್ಷೆ ನೀವೂ ಮಾಡಿಸಿ, ಐಸೊಲೇಶನ್ ನಿಜವಾಗಿ ಆಗಿದೆಯಾ ಎಂದು ಗೊತ್ತಾಗುತ್ತದೆ. ಅವನು ಎರಡು ಸಲ ಹುಡುಕಿ, "ಇಲ್ಲ ಮಿಸ್" ಎಂದ. ಗೇಟಿನ ತನಕ ಹೋದವನು ತಿರುಗಿ ಬಂದ.

"ಆವತ್ತಿನ ಆ ಗೇಮ್ ನಂದಲ್ಲ ಮಿಸ್. ಪಿಜಿ ಅಣ್ಣಂದು."