ಶಾಲೆಯಲ್ಲಿ, ಸಮುದಾಯ ಭವನದಲ್ಲಿ ಬ್ರೇಕಿಂಗ್ ಕಲಿಸುವವರಿಗೆ

ಬ್ರೇಕಿಂಗ್, ಅಂದರೆ ಬ್ರೇಕ್ ಡ್ಯಾನ್ಸ್, ತರಗತಿ ಆರಂಭವಾಗುತ್ತದೆ ಎಂದು ಶಾಲೆಯಲ್ಲಿ ಪ್ರಕಟಿಸಿದೊಡನೆ, ತಲೆಯ ಮೇಲೆ ಗಿರಗಿರನೆ ತಿರುಗುವುದನ್ನು ಯಾವಾಗ ಕಲಿಸುತ್ತೀರಿ ಎಂದು ಮಕ್ಕಳು ಕೇಳುತ್ತಾರೆ. ಪೋಷಕರು ಅಂಜುವುದೂ ಅದಕ್ಕೇ. ಇಬ್ಬರಿಗೂ ಮೊದಲ ದಿನವೇ ಒಂದೇ ಉತ್ತರ ಕೊಟ್ಟುಬಿಡುವುದು ಒಳ್ಳೆಯದು: ಮೊದಲ ವರ್ಷ ಹೆಡ್‌ಸ್ಪಿನ್ ಇಲ್ಲ. ನಿಂತು ತಾಳಕ್ಕೆ ಹೆಜ್ಜೆ ಹಾಕುವುದು, ನೆಲಕ್ಕಿಳಿದು ಕೈಕಾಲುಗಳ ಮೇಲೆ ಸುತ್ತುವುದು, ತಾಳದ ಪೆಟ್ಟಿಗೆ ಸರಿಯಾಗಿ ಒಂದು ಭಂಗಿಯಲ್ಲಿ ಗಕ್ಕನೆ ನಿಲ್ಲುವುದು, ಕೊನೆಗೆ ಈ ಮೂರನ್ನೂ ತನ್ನದೇ ರೀತಿಯಲ್ಲಿ ಜೋಡಿಸಿ ವೃತ್ತದ ನಡುವೆ ಒಬ್ಬರೇ ಅರ್ಧ ನಿಮಿಷ ಕುಣಿಯುವುದು, ಇಷ್ಟೇ ಮೊದಲ ವರ್ಷದ ಪಠ್ಯ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಮೂವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೇ ಹೆಜ್ಜೆ ಹಾಕಿಸುವುದಕ್ಕಿಂತ ಇದು ಕಷ್ಟದ ಕೆಲಸ; ಆದರೆ ಈ ಕಲೆಯ ಜೀವ ಇರುವುದು ಆ ಒಬ್ಬೊಬ್ಬರ ಅರ್ಧ ನಿಮಿಷದಲ್ಲಿಯೇ ಎಂಬುದು ನನ್ನ ದೃಢವಾದ ನಂಬಿಕೆ.

ಆರಂಭದ ತರಗತಿಯಲ್ಲಿ ಹತ್ತು ನಿಮಿಷ ಇತಿಹಾಸಕ್ಕೆ ಕೊಡಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ವಿಳಾಸದ ವಸತಿ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಮತ್ತೆ ಆರಂಭವಾಗುವ ಮುನ್ನ ಹೊಸ ಬಟ್ಟೆ ಕೊಳ್ಳಲು ದುಡ್ಡು ಹೊಂದಿಸಲೆಂದು ಒಂದು ಪಾರ್ಟಿ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ಶುಲ್ಕ. ಹಾಡುಗಳನ್ನು ಹಾಕಿದವನು ಅವಳ ಅಣ್ಣ, ಜಮೈಕಾದಲ್ಲಿ ಹುಟ್ಟಿದ ಕ್ಲೈವ್ ಕ್ಯಾಂಪ್‌ಬೆಲ್. ಜಗತ್ತು ಅವನನ್ನು ಡಿಜೆ ಕೂಲ್ ಹರ್ಕ್ ಎಂದು ಬಲ್ಲದು. ಗಾಯನ ನಿಂತು ಡ್ರಮ್ ಮಾತ್ರ ಉಳಿಯುವ ತುಣುಕಿಗೆ ಜನ ಹೆಚ್ಚು ಹುರುಪಿನಿಂದ ಕುಣಿಯುವುದನ್ನು ಗಮನಿಸಿದ ಆತ, ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಪ್ಲೇಯರ್‌ಗಳಲ್ಲಿಟ್ಟು ಆ ತುಣುಕನ್ನು ಮತ್ತೆ ಮತ್ತೆ ನುಡಿಸುವುದನ್ನು ರೂಢಿಗೆ ತಂದನು. ಆ ತುಣುಕೇ ಬ್ರೇಕ್. ಅದಕ್ಕೆ ಕುಣಿದವರೇ ಬಿ-ಬಾಯ್, ಬಿ-ಗರ್ಲ್‌ಗಳು. ಬಡ ಬಡಾವಣೆಯ ಕರಿಯ ಮತ್ತು ಪೋರ್ಟೊರಿಕೊ ಮೂಲದ ಹದಿಹರೆಯದವರು, ಯಾವ ಶಾಲೆಯೂ ಕಲಿಸದಿದ್ದಾಗ, ತಮ್ಮ ಓಣಿಯಲ್ಲಿಯೇ ಇದನ್ನು ಬೆಳೆಸಿದರೆಂಬುದನ್ನು ಮಕ್ಕಳು ತಿಳಿದಿರಬೇಕು. ಈ ಕಥೆಯಿಂದ ಒಂದು ನೇರ ಉಪಯೋಗವೂ ಇದೆ: ಡ್ರಮ್ ಮಾತ್ರ ಉಳಿಯುವ ಕ್ಷಣಕ್ಕೆ ಕಿವಿಗೊಡಬೇಕೆಂದು ಬೇರೆಯಾಗಿ ವಿವರಿಸುವ ಅಗತ್ಯ ಬೀಳುವುದಿಲ್ಲ.

ನೆಲ ಮತ್ತು ಸಿದ್ಧತೆ

ಬ್ರಾಂಕ್ಸ್‌ನ ಹುಡುಗರು ಕಾಲುದಾರಿಯ ಮೇಲೆ ರಟ್ಟು, ಲಿನೋಲಿಯಂ ಹಾಸಿಕೊಂಡು ಕುಣಿದರು. ನಮ್ಮ ಶಾಲೆಗಳಲ್ಲಿ ನಯವಾದ ಗಾರೆ ನೆಲ, ಗ್ರಾನೈಟ್ ಅಥವಾ ಟೈಲ್ಸ್ ಹಾಕಿದ ಸಭಾಂಗಣವಿದ್ದರೆ ಸಾಕು. ಕಡಪಾ ಕಲ್ಲಿನ ನೆಲವಾದರೆ ಸಂದುಗಳು ಎದ್ದಿವೆಯೇ ಎಂದು ಅಂಗೈ ಸವರಿ ನೋಡಿರಿ. ಜಮಖಾನ ಹಾಸಬಾರದು, ಅದು ಕಾಲಿನಡಿ ಜಾರುತ್ತದೆ. ಹಳೆಯ ಫ್ಲೆಕ್ಸ್ ಬ್ಯಾನರ್ ಕೂಡ ಹಾಗೆಯೇ. ದಪ್ಪ ಫೋಮ್ ಮ್ಯಾಟ್ ಬೀಳುವಿಕೆಗೆ ಒಳ್ಳೆಯದಾದರೂ ಅದರ ಮೇಲೆ ಅಂಗೈ ಕುಸಿದು ಮಣಿಕಟ್ಟು ತಿರುಚಿಕೊಳ್ಳುವುದರಿಂದ, ಅದನ್ನು ಮೊದಲ ಭಂಗಿಗಳ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡು, ಹೆಜ್ಜೆಗಳಿಗೆ ಗಟ್ಟಿ ನೆಲವನ್ನೇ ಬಳಸಬೇಕು. ತರಗತಿಗೆ ಮುಂಚೆ ನೆಲ ಗುಡಿಸಿ ಒರೆಸುವುದನ್ನು ಮಕ್ಕಳೂ ಶಿಕ್ಷಕರೂ ಸೇರಿ ಮಾಡಲಿ. ಮೈದಾನದ ಮಣ್ಣಿನ ಮೇಲೆ ನಿಂತು ಹಾಕುವ ಹೆಜ್ಜೆಗಳನ್ನಷ್ಟೇ ಕಲಿಸಬಹುದು.

ಟ್ರ್ಯಾಕ್ ಪ್ಯಾಂಟ್, ಟೀ ಶರ್ಟ್, ಶಾಲೆಯ ಕ್ಯಾನ್ವಾಸ್ ಶೂ ಸಾಕು. ಬಳೆ, ಕೈಗಡಿಯಾರ, ಜೋತಾಡುವ ಓಲೆ, ಕೊರಳಿನ ದಾರಗಳನ್ನು ತೆಗೆದಿಡಿಸಿ. ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯುವಾಗ ಹಳೆಯ ಮುರಿತ, ಮೂರ್ಛೆರೋಗ, ಉಬ್ಬಸದ ಮಾಹಿತಿಯನ್ನೂ ಕೇಳಬೇಕು. ಒಬ್ಬ ತರಬೇತುದಾರರಿಗೆ ಹದಿನೈದರಿಂದ ಇಪ್ಪತ್ತು ಮಕ್ಕಳಿಗಿಂತ ಹೆಚ್ಚು ಬೇಡ. ನಲವತ್ತು ನಿಮಿಷದ ಒಂದು ಪಿರಿಯಡ್ ಮೈ ಬಿಸಿಯಾಗುವಷ್ಟರಲ್ಲಿ ಮುಗಿದುಹೋಗುವುದರಿಂದ, ಮುಖ್ಯೋಪಾಧ್ಯಾಯರೊಡನೆ ಮಾತಾಡಿ ಎರಡು ಪಿರಿಯಡ್‌ಗಳನ್ನು ಜೋಡಿಸಿಕೊಳ್ಳುವುದು ಲೇಸು.

ಕಲಿಸುವವರು ಸಾಮಾನ್ಯವಾಗಿ ಆಸುಪಾಸಿನ ನಗರದ ಯುವ ಬಿ-ಬಾಯ್ ಅಥವಾ ಬಿ-ಗರ್ಲ್ ಆಗಿರುತ್ತಾರೆ. ಅವರಿಗೆ ಗೌರವಧನವನ್ನು ಮೊದಲೇ ಗೊತ್ತುಪಡಿಸಿ ಸಮಯಕ್ಕೆ ಕೊಡಬೇಕು. ಕಲೆಯ ಪ್ರೀತಿಗಾಗಿ ಬರುತ್ತಾರೆಂದು ಬಸ್ ಖರ್ಚನ್ನೂ ಅವರ ಕಿಸೆಯಿಂದಲೇ ಮಾಡಿಸುವುದು ಅನ್ಯಾಯ. ಶಾಲೆಯ ಕಡೆಯಿಂದ ದೈಹಿಕ ಶಿಕ್ಷಕರು, ಹುಡುಗಿಯರಿದ್ದಲ್ಲಿ ಒಬ್ಬ ಶಿಕ್ಷಕಿ, ತರಗತಿಯ ಉದ್ದಕ್ಕೂ ಹಾಜರಿರಬೇಕು. ಆಧಾರ ಕೊಡಲು ಮುಟ್ಟುವ ಮುನ್ನ ಮಗುವನ್ನು ಕೇಳಬೇಕು. ಮಕ್ಕಳ ವಿಡಿಯೋಗಳು ಪೋಷಕರ ಅನುಮತಿಯಿಲ್ಲದೆ ಇನ್‌ಸ್ಟಾಗ್ರಾಮಿಗೆ ಹೋಗಕೂಡದು.

ಸುಮಾರು ಒಂದೂವರೆ ಗಂಟೆಯ ತರಗತಿ

ಮೊದಲ ಹದಿನೈದು ನಿಮಿಷ ಮೈ ಬಿಸಿಮಾಡುವುದಕ್ಕೆ. ಈ ನೃತ್ಯದಲ್ಲಿ ಕೈಯೇ ಕಾಲಿನ ಕೆಲಸ ಮಾಡುವುದರಿಂದ ಮಣಿಕಟ್ಟು, ಹೆಗಲು ಮತ್ತು ಕುತ್ತಿಗೆಗೆ ವಿಶೇಷ ಗಮನ ಬೇಕು: ಮಂಡಿಯೂರಿ ಅಂಗೈ ನೆಲಕ್ಕಿಟ್ಟು ಬೆರಳುಗಳನ್ನು ಮುಂದಕ್ಕೆ, ಪಕ್ಕಕ್ಕೆ, ತಮ್ಮ ಕಡೆಗೆ ತಿರುಗಿಸಿ ನಿಧಾನವಾಗಿ ಭಾರ ಹಾಕಲಿ. ಬಳಿಕ ನಾಲ್ಕು ಕಾಲಿನ ನಡಿಗೆ, ದಂಡದ ಭಂಗಿಯಲ್ಲಿ ಅರ್ಧ ನಿಮಿಷ ನಿಲ್ಲುವುದು. ಗರಡಿಯ ಅಭ್ಯಾಸವಿರುವ ಊರುಗಳ ಹುಡುಗರಿಗೆ ಇದು ಹೊಸದಲ್ಲ.

ಟಾಪ್‌ರಾಕ್ ಎಂದರೆ ನಿಂತು ಹಾಕುವ ಹೆಜ್ಜೆ. ನಿಮಿಷಕ್ಕೆ ನೂರರ ಆಸುಪಾಸಿನ ಪೆಟ್ಟುಗಳಿರುವ ಫಂಕ್ ಸಂಗೀತ ಹಾಕಿ, ಮೊದಲು ಚಪ್ಪಾಳೆ ತಟ್ಟಿಸಿ, ಆಮೇಲೆ ಒಂದು ಕಾಲು ಮುಂದೆ ಅಡ್ಡ ಹಾಕಿ ಎದೆ ತೆರೆಯುವ, ಮತ್ತೆ ಹಿಂದಕ್ಕೆ ಬಂದು ಕೈ ಮುಚ್ಚುವ ಮೂಲ ಹೆಜ್ಜೆಯನ್ನು ಎಂಟರ ಎಣಿಕೆಗೆ ಹಾಕಿಸಿ. ಇಲ್ಲಿ ಅವಸರ ಮಾಡುವ ತರಬೇತುದಾರರೇ ಹೆಚ್ಚು. ನೆಲದ ಮೇಲಿನ ಚಮತ್ಕಾರ ಎಷ್ಟೇ ಬರಲಿ, ನಿಂತಾಗ ತಾಳ ತಪ್ಪುವ ಮಗು ಬ್ರೇಕಿಂಗ್ ಕಲಿತಂತಾಗುವುದಿಲ್ಲ. ಮೂರು ನಾಲ್ಕು ವಾರ ಇದಕ್ಕೇ ಹೋದರೂ ಚಿಂತೆಯಿಲ್ಲ.

ನೆಲದ ಹೆಜ್ಜೆಗಳಿಗೆ ಬುನಾದಿ ಸಿಕ್ಸ್-ಸ್ಟೆಪ್. ಇದನ್ನು ಸಂಗೀತವಿಲ್ಲದೆ, ಎಣಿಕೆ ಹೇಳುತ್ತ ಕಲಿಸಬೇಕು. ಮಗು ಕುಕ್ಕರುಗಾಲಿನಲ್ಲಿ, ಹಿಮ್ಮಡಿ ಎತ್ತಿ ಕೂತಿರಲಿ. ಒಂದಕ್ಕೆ ಎಡಗಾಲು ಬಲಗಾಲಿನ ಮುಂದೆ ಅಡ್ಡ ಬರುತ್ತದೆ. ಎರಡಕ್ಕೆ ಬಲಗಾಲು ಹಿಂದಕ್ಕೆ ಚಾಚುತ್ತದೆ. ಮೂರಕ್ಕೆ ಎಡಗಾಲೂ ಹಿಂದೆ ಹೋಗಿ ಕಾಲಗಲಿಸಿದ ದಂಡದ ಭಂಗಿಯಾಗುತ್ತದೆ. ನಾಲ್ಕಕ್ಕೆ ಬಲಗಾಲು ದೇಹದ ಅಡಿಯಿಂದ ತೂರಿ ಎಡಬದಿಗೆ ಬರುತ್ತದೆ, ಆಗ ಎಡಗೈ ನೆಲ ಬಿಟ್ಟು ಎದೆ ತೆರೆದುಕೊಳ್ಳುತ್ತದೆ. ಐದಕ್ಕೆ ಎಡಗಾಲು ಬಲ ಮೊಣಕಾಲಿನ ಹಿಂದೆ ಬಂದು ಸೇರುತ್ತದೆ. ಆರಕ್ಕೆ ಬಲಗಾಲು ಬಲಕ್ಕೆ ತೆರೆದು ಮತ್ತೆ ಕುಕ್ಕರುಗಾಲು. ಬಹುತೇಕ ಮಕ್ಕಳು ತಡವರಿಸುವುದು ಮೂರರಿಂದ ನಾಲ್ಕಕ್ಕೆ ಹೋಗುವಲ್ಲಿ: ಕಾಲು ತೂರಿಸಲು ಜಾಗ ಸಾಲದೆ ಸೊಂಟವನ್ನು ತೀರಾ ಮೇಲಕ್ಕೆತ್ತುತ್ತಾರೆ, ಇಲ್ಲವೇ ಎರಡೂ ಕೈಗಳನ್ನು ನೆಲಕ್ಕೇ ಅಂಟಿಸಿಕೊಂಡಿರುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಿಂದ ಪಾದ ಬೀಳುವ ಜಾಗಗಳನ್ನು ಒಂದರಿಂದ ಆರರವರೆಗೆ ಗುರುತು ಮಾಡಿಕೊಟ್ಟರೆ, ಮತ್ತು ನಾಲ್ಕು ಎಂದಾಗ ಎತ್ತಿದ ಎಡಗೈಯತ್ತ ದೃಷ್ಟಿ ಹಾಯಿಸಲು ಹೇಳಿದರೆ, ಈ ತೊಡಕು ಬೇಗ ಬಿಡುತ್ತದೆ. ಬಲಕ್ಕೂ ಎಡಕ್ಕೂ ಅಭ್ಯಾಸ ಮಾಡಿಸುವುದನ್ನು ಮರೆಯಬಾರದು. ಒಂದೇ ಕಡೆ ಸುತ್ತಿದರೆ ಒಂದೇ ಮಣಿಕಟ್ಟು ದಣಿಯುತ್ತದೆ.

ಫ್ರೀಜ್ ಎಂದರೆ ಗಕ್ಕನೆ ನಿಲ್ಲುವ ಭಂಗಿ. ಅವುಗಳಲ್ಲಿ ಬೇಬಿ ಫ್ರೀಜ್ ಮೊದಲನೆಯದು. ಒಂದು ಮೊಣಕೈಯನ್ನು ಅದೇ ಬದಿಯ ಸೊಂಟದ ಮೇಲ್ಭಾಗಕ್ಕೆ ಊರಿ, ಇನ್ನೊಂದು ತೋಳಿನ ಮೇಲೆ ಮೊಣಕಾಲನ್ನು ಒರಗಿಸಿ, ತಲೆಯ ಪಕ್ಕವನ್ನು ನೆಲಕ್ಕೆ ಹಗುರವಾಗಿ ತಾಗಿಸಬೇಕು. ಭಾರವೆಲ್ಲ ಕೈಗಳ ಮೇಲಿರಬೇಕೇ ಹೊರತು ಕುತ್ತಿಗೆಯ ಮೇಲಲ್ಲ. ಮಯೂರಾಸನ ಗೊತ್ತಿರುವ ಮಕ್ಕಳಿಗೆ ಮೊಣಕೈ ಊರುವ ಜಾಗ ಬೇಗ ಸಿಗುತ್ತದೆ. ಬೆಂಗಳೂರಿನ ಬಿ-ಗರ್ಲ್ ಜೋಹಾನಾ ರೋಡ್ರಿಗಸ್ ಯೋಗವನ್ನೂ ಬ್ರೇಕಿಂಗನ್ನೂ ಜೊತೆಯಾಗಿ ಸಾಧಿಸಿದವರು. ಯೋಗ ತರಗತಿ ಈಗಾಗಲೇ ನಡೆಯುತ್ತಿರುವ ಶಾಲೆಗಳು ಈ ನಂಟನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ವಿಂಡ್‌ಮಿಲ್, ಫ್ಲೇರ್, ಹೆಡ್‌ಸ್ಪಿನ್‌ಗಳಂಥ, ಮೈಯನ್ನು ರಭಸದಿಂದ ಸುತ್ತಿಸುವ ಪವರ್ ಮೂವ್‌ಗಳನ್ನು ತಡೆಹಿಡಿಯುವುದಕ್ಕೆ ಕಾರಣವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆ ಡೆನ್ಮಾರ್ಕಿನ ನರ್ತಕನೊಬ್ಬನ ಪ್ರಕರಣ ಪ್ರಕಟಿಸಿತು: ಹತ್ತೊಂಬತ್ತು ವರ್ಷ ಹೆಡ್‌ಸ್ಪಿನ್ ಅಭ್ಯಾಸ ಮಾಡಿದ ಆತನ ನೆತ್ತಿಯ ಮೇಲೆ ನೋವಿನ ಗಡ್ಡೆ ಬೆಳೆದು, ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಯಿತು. ಬೆಳೆಯುವ ಮಗುವಿನ ಕುತ್ತಿಗೆಗಂತೂ ಹೆಚ್ಚಿನ ಜೋಪಾನ ಬೇಕು. ಯೂಟ್ಯೂಬ್ ನೋಡಿ ಮನೆಯಲ್ಲಿ ಯತ್ನಿಸುವವರು ಇದ್ದೇ ಇರುತ್ತಾರೆ. ಅವರನ್ನು ಗದರಿಸಿದರೆ ಗುಟ್ಟಾಗಿ ಮಾಡುತ್ತಾರೆ, ಆದ್ದರಿಂದ ಹೇಳಿಕೊಳ್ಳಲು ಅವಕಾಶ ಕೊಟ್ಟು, ಅದಕ್ಕೆ ಬೇಕಾದ ತೋಳಿನ ಬಲವನ್ನು ಬೆಳೆಸುವ ದಾರಿ ತೋರಿಸಬೇಕು.

ವೃತ್ತ

ಪ್ರತಿ ತರಗತಿಯ ಕೊನೆಯ ಹದಿನೈದು ನಿಮಿಷ ಸೈಫರ್‌ಗೆ ಮೀಸಲು. ಎಲ್ಲರೂ ವೃತ್ತವಾಗಿ ನಿಂತು ಚಪ್ಪಾಳೆ ತಟ್ಟುತ್ತಾರೆ, ಮನಸ್ಸು ಬಂದವರು ನಡುವೆ ಬಂದು ಕುಣಿದು ಹಿಂದಿರುಗುತ್ತಾರೆ. ಯಾರನ್ನೂ ಹೆಸರು ಹಿಡಿದು ಕರೆಯಬಾರದು, ದೂಡಬಾರದು. ವಾರಗಟ್ಟಲೆ ಅಂಚಿನಲ್ಲೇ ನಿಲ್ಲುವ ಮಗುವೂ ಅಲ್ಲಿ ತಾಳ ಕಲಿಯುತ್ತಿರುತ್ತದೆ. ಹುಡುಗರು ವೃತ್ತವನ್ನು ಆವರಿಸಿಕೊಂಡು ಹುಡುಗಿಯರು ಹಿಂದೆ ಸರಿಯುವುದು ಕಂಡರೆ, ಕೆಲವು ವಾರ ಸಣ್ಣ ಸಣ್ಣ ವೃತ್ತಗಳನ್ನು ಮಾಡಿ ಪ್ರತಿಯೊಬ್ಬರಿಗೂ ಜಾಗ ಸಿಗುವಂತೆ ನೋಡಿಕೊಳ್ಳಿ. ಇನ್ನೊಬ್ಬರ ಚಲನೆಯನ್ನು ಹಾಗೆಯೇ ನಕಲು ಮಾಡಿ ತನ್ನದೆನ್ನುವುದನ್ನು ಬ್ರೇಕಿಂಗ್ ಬಳಗದಲ್ಲಿ ಬೈಟಿಂಗ್ ಎನ್ನುತ್ತಾರೆ, ಅದನ್ನು ಹೀನಾಯವಾಗಿ ಕಾಣುತ್ತಾರೆ. ಹೀಗಾಗಿ ಮೂರನೆಯ ತಿಂಗಳಿನಿಂದ, ಸಿಕ್ಸ್-ಸ್ಟೆಪ್‌ನ ಯಾವುದಾದರೂ ಒಂದು ಎಣಿಕೆಯನ್ನು ಬದಲಿಸಿ ತರಲು ಮಕ್ಕಳಿಗೆ ಮನೆಗೆಲಸ ಕೊಡಿ: ಒಂದು ಜಿಗಿತ, ಕಬಡ್ಡಿಯಲ್ಲಿ ಕಾಲು ಚಾಚುವ ರೀತಿ, ತಮ್ಮೂರಿನ ಕುಣಿತದ ಒಂದು ತಿರುವು, ಏನೇ ಆಗಬಹುದು.

ಬ್ಯಾಟಲ್ ಅಂದರೆ ಮುಖಾಮುಖಿ ಸ್ಪರ್ಧೆಯನ್ನು ಆರು ತಿಂಗಳಿಗೆ ಮುಂಚೆ ಇಡುವುದು ಬೇಡ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಅಮಿ, ಕೆನಡಾದ ಫಿಲ್ ವಿಝಾರ್ಡ್ ಚಿನ್ನ ಗೆದ್ದಾಗ ತೀರ್ಪುಗಾರರು ನೋಡಿದ್ದು ಐದು ಅಂಶಗಳನ್ನು: ತಂತ್ರ, ಚಲನೆಗಳ ಸಂಪತ್ತು, ನಿರ್ವಹಣೆ, ಸಂಗೀತಪ್ರಜ್ಞೆ ಮತ್ತು ಸ್ವಂತಿಕೆ, ಐದಕ್ಕೂ ಸಮಾನ ತೂಕ. ಶಾಲೆಯ ಬ್ಯಾಟಲಿನಲ್ಲಿ ಮಕ್ಕಳೇ ತೀರ್ಪುಗಾರರಾಗಿ, ಸೋತವರಿಗೂ ಈ ಐದರಲ್ಲಿ ಯಾವುದು ಚೆನ್ನಾಗಿತ್ತೆಂದು ಬಾಯಿಬಿಟ್ಟು ಹೇಳಬೇಕೆಂಬ ನಿಯಮವಿರಲಿ. ಎದುರಾಳಿಯನ್ನು ಮುಟ್ಟುವಂತಿಲ್ಲ, ಅಶ್ಲೀಲ ಸನ್ನೆ ಮಾಡುವಂತಿಲ್ಲ, ಮುಗಿದ ಮೇಲೆ ಕೈಕುಲುಕದೆ ಹೋಗುವಂತಿಲ್ಲ.

ವಾರ್ಷಿಕೋತ್ಸವಕ್ಕೆ ಏನಾದರೂ ತೋರಿಸಿ ಎಂದು ಶಾಲೆ ಕೇಳಿಯೇ ಕೇಳುತ್ತದೆ. ಬೇಡವೆನ್ನದೆ, ವೇದಿಕೆಯ ಮೇಲೆಯೇ ಅರ್ಧವೃತ್ತ ಕಟ್ಟಿ, ಒಬ್ಬೊಬ್ಬರಾಗಿ ಬಂದು ಹೋಗುವಂತೆ ಐದು ನಿಮಿಷದ ಸೈಫರ್ ನಡೆಸಿ. ಬೇಸಿಗೆ ರಜೆಯಲ್ಲಿ ಅಭ್ಯಾಸ ನಿಲ್ಲದಂತೆ ಗ್ರಾಮ ಪಂಚಾಯಿತಿಯ ಅಥವಾ ಯುವಕ ಸಂಘದವರ ಜೊತೆ ಮಾತಾಡಿ ಸಮುದಾಯ ಭವನದ ಬೀಗದ ಕೈ ವಾರಕ್ಕೆರಡು ಸಂಜೆ ಸಿಗುವ ಏರ್ಪಾಡು ಮಾಡಿಕೊಳ್ಳಿ, ಅಲ್ಲಿಯೂ ಹಿರಿಯರೊಬ್ಬರ ಹಾಜರಾತಿ ಇರಲಿ. ಎರಡನೆಯ ವರ್ಷ ಹೊಸ ಮಕ್ಕಳು ಸೇರುವಾಗ, ಮೈ ಬಿಸಿಮಾಡಿಸುವ ಮತ್ತು ಸಿಕ್ಸ್-ಸ್ಟೆಪ್‌ನ ಎಣಿಕೆ ಹೇಳುವ ಕೆಲಸವನ್ನು ಹಳೆಯ ಮಕ್ಕಳಿಗೆ ಸರದಿಯಂತೆ ವಹಿಸಿಕೊಟ್ಟು, ತರಬೇತುದಾರರು ಫ್ರೀಜ್ ಅಭ್ಯಾಸದ ಮೂಲೆಯಲ್ಲಿ ನಿಲ್ಲಬೇಕು; ಬೀಳುವವರಿಗೆ ಆಧಾರ ಬೇಕಾಗುವುದು ಅಲ್ಲಿ.