ಹೊಸ ಲಾರಿಯ ಎಂಜಿನ್ ಪದೇ ಪದೇ ಕೆಟ್ಟರೆ: ಕಂಪನಿಯೊಡನೆ ರಾಜಿಗೆ ಕೂರುವ ಮುನ್ನ

ವಿಜಯಪುರ ಜಿಲ್ಲೆಯ ಇಂಡಿಯಿಂದ ನಿಂಬೆಹಣ್ಣು ಹೇರಿಕೊಂಡು ಹೋಗುವ ಚಾಲಕ-ಮಾಲೀಕರೊಬ್ಬರು ತಮ್ಮ ಲಾರಿಯ ಐದು ಜಾಬ್ ಕಾರ್ಡ್‌ಗಳನ್ನು, ಅಂದರೆ ದೂರು ಮತ್ತು ದುರಸ್ತಿಯನ್ನು ಸರ್ವಿಸ್ ಸೆಂಟರಿನವರು ಬರೆದುಕೊಡುವ ಚೀಟಿಗಳನ್ನು, ಒಮ್ಮೆ ನನ್ನ ಮುಂದೆ ಹರಡಿದರು. ಐದು ಸಲವೂ ದೋಷ ಒಂದೇ ಆಗಿತ್ತು: ಲೋಡಿನ ಮೇಲೆ ಏರು ಸಿಕ್ಕರೆ ಎಂಜಿನ್ ಎಳೆಯುತ್ತಿರಲಿಲ್ಲ, ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತಿದೊಡನೆ ಪಿಕಪ್ ಬಿದ್ದುಹೋಗುತ್ತಿತ್ತು. ಆದರೆ ಮೂರು ಕಾರ್ಡುಗಳಲ್ಲಿ ‘ಜನರಲ್ ಚೆಕಪ್’ ಎಂದಷ್ಟೇ ಬರೆದಿತ್ತು. ನಾಲ್ಕನೆಯದರಲ್ಲಿ ‘ಗ್ರಾಹಕರು ತೃಪ್ತರು’ ಎಂದು ಅಚ್ಚಾದ ಸಾಲಿನ ಕೆಳಗೆ ಅವರದೇ ಸಹಿ ಇತ್ತು. “ಸಹಿ ಮಾಡ್ರಿ ಅಣ್ಣಾರ, ಗಾಡಿ ಒಯ್ರಿ ಅಂದ್ರು, ಮಾಡಿ ಬಂದೆ ನೋಡ್ರಿ” ಎಂದರು. ಮುಂದೆ ರಾಜಿಗೆ ಕೂತಾಗ ಆ ಸಹಿಯೇ ಅವರಿಗೆ ಎದುರಾಗಿ ನಿಂತಿತು.

ಎಂಜಿನ್ ಎಷ್ಟು ಕೆಟ್ಟಿದೆ ಎಂಬುದಕ್ಕಿಂತ ಎಷ್ಟು ಕಾಗದ ಉಳಿದಿದೆ ಎಂಬುದರ ಮೇಲೆಯೇ ರಾಜಿಯ ಮೊತ್ತ ನಿಲ್ಲುತ್ತದೆ. ಅಮೆರಿಕದಲ್ಲಿ ನ್ಯಾವಿಸ್ಟಾರ್ ಕಂಪನಿಯ 2011ರಿಂದ 2014ರ ಮಾದರಿಯ ಟ್ರಕ್‌ಗಳಲ್ಲಿದ್ದ ಮ್ಯಾಕ್ಸ್‌ಫೋರ್ಸ್ 11 ಮತ್ತು 13 ಲೀಟರ್ ಡೀಸೆಲ್ ಎಂಜಿನ್‌ಗಳಲ್ಲಿ ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ ದೋಷದಿಂದ ಕೂಡಿದೆ ಎಂದು ಮಾಲೀಕರು ಹೂಡಿದ ಸಾಮೂಹಿಕ ದಾವೆ 13.5 ಕೋಟಿ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು. ಅಲ್ಲಿ ಒಂದು ಟ್ರಕ್ಕಿಗೆ ನೇರ ನಗದು ಪಡೆಯುವವರಿಗೆ ಗರಿಷ್ಠ 2,500 ಡಾಲರ್, ಹೊಸ ಟ್ರಕ್ಕಿನ ಮೇಲೆ ರಿಯಾಯಿತಿ ಬಯಸುವವರಿಗೆ ಗರಿಷ್ಠ 10,000 ಡಾಲರ್, ಆದ ನಷ್ಟವನ್ನು ದಾಖಲೆ ಸಮೇತ ತೋರಿಸಿದವರಿಗೆ ಗರಿಷ್ಠ 15,000 ಡಾಲರ್ ಎಂದು ನಿಗದಿಯಾಗಿತ್ತು. ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಂಡವರಿಗೂ ಇಡದವರಿಗೂ ಆರು ಪಟ್ಟು ಅಂತರ.

ಆದ್ದರಿಂದ ಸರ್ವಿಸ್ ಸೆಂಟರಿನಲ್ಲಿ ಗಾಡಿ ಬಿಡುವಾಗಲೇ ದೂರನ್ನು ನಿಮ್ಮ ಮಾತಿನಲ್ಲಿ ಪೂರ್ತಿಯಾಗಿ ಬರೆಸಿ, ಕಿಲೋಮೀಟರ್ ರೀಡಿಂಗ್, ಬಿಟ್ಟ ದಿನ ಮತ್ತು ಮರಳಿ ಪಡೆದ ದಿನ ನಮೂದಾಗಿವೆಯೇ ಎಂದು ನೋಡಿ, ದೋಷ ಹೋಗದಿದ್ದರೆ ‘ದೋಷ ಸರಿಯಾಗಿಲ್ಲ, ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಎಂದು ಬರೆದ ಮೇಲೆಯೇ ಸಹಿ ಮಾಡಬೇಕು. ಕಂಪ್ಯೂಟರ್ ಹಚ್ಚಿ ತೆಗೆದ ಫಾಲ್ಟ್ ಕೋಡ್‌ಗಳ (ಗಾಡಿ ತಾನೇ ದಾಖಲಿಸಿಕೊಂಡ ದೋಷದ ಸಂಕೇತಗಳ) ಪ್ರತಿಯನ್ನೂ ಕೇಳಿ. ಲಾರಿ ನಿಂತ ದಿನಗಳ ನಷ್ಟಕ್ಕೆ ಬಾಯಿಮಾತು ಸಾಲದು. ಹಿಂದಿನ ತಿಂಗಳುಗಳ ಬಾಡಿಗೆ ಚೀಟಿಗಳು, ಇ-ವೇ ಬಿಲ್, ಫಾಸ್ಟ್ಯಾಗ್ ಲೆಕ್ಕ ಇವುಗಳೇ ಗಾಡಿ ಯಾವಾಗ ಓಡಿತು, ಯಾವಾಗ ನಿಂತಿತು ಎಂದು ಹೇಳುತ್ತವೆ.

ಎದುರಿನವರ ವಾದವೂ ಮೊದಲೇ ತಿಳಿದಿರಲಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆ ನಿಯಂತ್ರಣದ ಹೊಸ ಮಾನದಂಡದ) ಲಾರಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಮತ್ತು ಹೊಗೆಯ ವಿಷಾನಿಲ ತಗ್ಗಿಸುವ ಯೂರಿಯಾ ದ್ರಾವಣದ ವ್ಯವಸ್ಥೆ ಸಾಮಾನ್ಯವಾಗಿರುವುದರಿಂದ, ದೋಷ ಎಂಜಿನ್ನಿನದಲ್ಲ, ಕಲಬೆರಕೆ ಡೀಸೆಲ್ಲಿನದು ಅಥವಾ ಕಳಪೆ ಯೂರಿಯಾದ್ದು ಎನ್ನುತ್ತಾರೆ. ಡೀಸೆಲ್ ಮತ್ತು ಯೂರಿಯಾ ಬಿಲ್‌ಗಳು ಇದಕ್ಕೆ ಉತ್ತರ. ಓವರ್‌ಲೋಡ್ ಎಂಬ ಮಾತೂ ಬರುತ್ತದೆ. ಹಂಗಾಮಿನಲ್ಲಿ ಜಮಖಂಡಿ, ಮುಧೋಳದ ಕಡೆ ಕಬ್ಬು ಹೇರಿದವರು ತೂಕದ ಚೀಟಿಯನ್ನು ಹಾಜರುಪಡಿಸುವ ಮುನ್ನ ತಾವೇ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಇನ್ನು ದೂರು ಕೊಡುವ ಹಕ್ಕು. ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದು ಎಣಿಸುವುದಿಲ್ಲವಾದರೂ, ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡವರಿಗೆ ವಿನಾಯಿತಿ ಇದೆ. ತಾನೇ ಓಡಿಸಲು ಲಾರಿ ಕೊಂಡವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಉದಾಹರಣೆ ಸಹಿತ ಹೇಳಿದೆ. ಸಹಾಯಕ್ಕೆ ಒಬ್ಬಿಬ್ಬರು ಇದ್ದರೆ ಆ ಹಕ್ಕು ಹೋಗದು. ಸಂಬಳದ ಚಾಲಕರನ್ನಿಟ್ಟು ಹತ್ತಾರು ಲಾರಿ ಓಡಿಸುವವರ ದಾರಿ ಸಿವಿಲ್ ನ್ಯಾಯಾಲಯದ್ದು.

ದೂರನ್ನು ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಸಲ್ಲಿಸಬಹುದು. ಲಾರಿಯನ್ನು ಸೊಲ್ಲಾಪುರದಲ್ಲಿ ಕೊಂಡಿದ್ದರೂ ಮನೆ ವಿಜಯಪುರದಲ್ಲಿದ್ದರೆ ವಿಜಯಪುರವೇ ಸಾಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗೆ ಇದ್ದರೆ ಜಿಲ್ಲಾ ಆಯೋಗ, ಅದಕ್ಕಿಂತ ಹೆಚ್ಚಾಗಿ 2 ಕೋಟಿಯವರೆಗೆ ರಾಜ್ಯ ಆಯೋಗ. 20ರಿಂದ 50 ಲಕ್ಷದ ಗಾಡಿಗೆ ಶುಲ್ಕ ಬರೀ 1,000 ರೂಪಾಯಿ. ವಕೀಲರು ಕಡ್ಡಾಯವಲ್ಲ. ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲವಾದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಜಾರಿಕೊಳ್ಳುತ್ತಾರೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಮಾತ್ರ ಅವಧಿ ಇರುವುದರಿಂದ, ಮುಂದಿನ ತಿಂಗಳು ಪುಣೆಯಿಂದ ಎಂಜಿನಿಯರ್ ಬರುತ್ತಾರೆ ಎಂಬ ಭರವಸೆಯಲ್ಲಿ ಕಾಲ ಕಳೆಯಬಾರದು. ಅದೇ ಮಾದರಿಯ ಗಾಡಿಯಲ್ಲಿ ಅದೇ ದೋಷ ಇರುವ ಹಲವರಿದ್ದರೆ, ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಸಲ್ಲಿಸಲು 35ನೇ ಕಲಂ ಅವಕಾಶ ಕೊಡುತ್ತದೆ. ಪರೀಕ್ಷೆ ಇಲ್ಲದೆ ದೋಷ ತಿಳಿಯುವಂತಿಲ್ಲವೆಂದಾದರೆ ಆಯೋಗವೇ ಪ್ರಯೋಗಾಲಯದ ವರದಿ ತರಿಸಬಲ್ಲದು; ಅದರ ಖರ್ಚನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ. ಅಲ್ಲಿಯವರೆಗೆ ಎಂಜಿನ್ನನ್ನು ಹೊರಗಿನ ಮಿಸ್ತ್ರಿಯಿಂದ ಬಿಚ್ಚಿಸಿದರೆ ಕಂಪನಿಗೆ ಹೊಸದೊಂದು ವಾದ ನೀವೇ ಕೊಟ್ಟಂತೆ.

ರಾಜಿಯ ಸಾಧ್ಯತೆ ಕಂಡರೆ ಮೊದಲ ವಿಚಾರಣೆಯಲ್ಲೇ ಆಯೋಗ ಐದು ದಿನಗಳೊಳಗೆ ಒಪ್ಪಿಗೆ ಕೇಳಿ ಮಧ್ಯಸ್ಥಿಕೆಗೆ ಕಳುಹಿಸಬಹುದು. ರಾಜಿಯಾದರೆ ಕಟ್ಟಿದ ಶುಲ್ಕ ಪೂರ್ತಿ ವಾಪಸು. ಒಂದು ಎಚ್ಚರಿಕೆ: ರಾಜಿಯ ಆಧಾರದ ಮೇಲೆ ಜಿಲ್ಲಾ ಆಯೋಗ ಕೊಟ್ಟ ಆದೇಶದ ವಿರುದ್ಧ ಮೇಲ್ಮನವಿ ಇಲ್ಲ. ಹಾಗಾಗಿ ಒಪ್ಪಂದದ ಕರಡನ್ನು ಮನೆಗೆ ಒಯ್ದು ಓದಿ. ಚಾಸಿ ನಂಬರ್, ಎಂಜಿನ್ ನಂಬರ್ ಅದರಲ್ಲಿರಬೇಕು. ‘ಅಗತ್ಯ ದುರಸ್ತಿ ಮಾಡಿಕೊಡಲಾಗುವುದು’ ಎಂಬ ಸಾಲನ್ನು ಒಪ್ಪಬೇಡಿ. ಬದಲಿಸುವುದು ಇಡೀ ಎಂಜಿನ್ನೋ, ಇಂಜೆಕ್ಟರ್‌ಗಳೋ, ಟರ್ಬೊವೋ ಎಂದು ಹೆಸರಿಟ್ಟು ಬರೆಯಲಿ, ವಾರಂಟಿ ಜೋಡಿಸಿದ ದಿನದಿಂದ ಹೊಸದಾಗಿ ಶುರುವಾಗಲಿ. ಹಣ ಯಾವ ತಾರೀಖಿನೊಳಗೆ, ತಪ್ಪಿದರೆ ಎಷ್ಟು ಬಡ್ಡಿ ಎಂಬುದೂ ಬೇಕು. ಲಾರಿಯನ್ನೇ ಮರಳಿಸಿ ಹಣ ಪಡೆಯುವುದಾದರೆ ಫೈನಾನ್ಸ್‌ನ ಉಳಿದ ಸಾಲ ಯಾರು ತೀರಿಸಬೇಕು ಎಂಬುದನ್ನು ಬಿಟ್ಟರೆ, ಗಾಡಿ ಹೋದ ಮೇಲೂ ಕಂತು ನಿಮ್ಮ ಹೆಸರಿನಲ್ಲೇ ನಡೆಯುತ್ತದೆ. ‘ಇನ್ನು ಯಾವುದೇ ತಕರಾರಿಲ್ಲ’ ಎಂಬ ಮಾತು ಆ ಒಂದು ದೋಷಕ್ಕೆ ಮಾತ್ರ ಸೀಮಿತವಾಗಿರಲಿ. ಕಂಪನಿ ಆದೇಶ ಪಾಲಿಸದಿದ್ದರೆ 72ನೇ ಕಲಂ ಅಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಿಂಬೆಯ ಲಾರಿಯವರಿಗೆ ಕೊನೆಗೆ ಹೊಸ ಎಂಜಿನ್ ಸಿಕ್ಕಿತು. ಎಂಜಿನ್ ಬದಲಾದರೆ ಆರ್‌ಟಿಓ ಕಚೇರಿಯಲ್ಲಿ ಆರ್‌ಸಿ ಮೇಲೆ ಹೊಸ ನಂಬರ್ ಏರಿಸಬೇಕು, ವಿಮೆಯವರಿಗೂ ತಿಳಿಸಬೇಕು. ಅದಕ್ಕೆ ಬೇಕಾದ ಎಂಜಿನ್ ಬಿಲ್ಲನ್ನು ಡೀಲರ್ ಕೊಡಬೇಕೆಂದು ಒಪ್ಪಂದದಲ್ಲಿ ಬರೆಸಿರಲಿಲ್ಲ. ಆ ಒಂದು ಕಾಗದಕ್ಕಾಗಿ ಅವರು ಶೋರೂಮಿಗೆ ಮತ್ತೆ ನಾಲ್ಕು ಸಲ ಅಲೆದರು.