ಅಂಗಳದ ಫರ್ಸಿ ಕಿತ್ತ ಮೇಲೆ

1972ರ ಬರಗಾಲದಲ್ಲಿ ನನಗೆ ಒಂಬತ್ತು ವರ್ಷ. ಆಳಂದ ತಾಲೂಕಿನ ನಮ್ಮ ಊರಿನ ಬಾವಿಯಲ್ಲಿ ಒಸರುತ್ತಿದ್ದ ನೀರನ್ನು ಚರಿಗೆಯಿಂದ ತೋಡಿ ತುಂಬಿಕೊಂಡು ಬಂದ ನಾಲ್ಕು ಕೊಡಗಳಲ್ಲಿ ಏಳು ಜನರ ಒಂದು ದಿನ ಕಳೆಯಬೇಕಿತ್ತು. ಬೇಳೆ ತೊಳೆದ ನೀರನ್ನು ಅವ್ವ ಎಮ್ಮೆಗೆ ಕುಡಿಸುತ್ತಿದ್ದಳು, ಕೈ ತೊಳೆದ ನೀರು ಬಸಳೆಯ ಬುಡಕ್ಕೆ ಹೋಗುತ್ತಿತ್ತು, ಪಾತ್ರೆಗಳನ್ನು ತೊಗರಿ ಕಟ್ಟಿಗೆಯ ಬೂದಿಯಿಂದ ತಿಕ್ಕಿ ಒಂದೇ ತಂಬಿಗೆ ನೀರಿನಲ್ಲಿ ತೊಳೆದುಬಿಡುತ್ತಿದ್ದಳು. ಪರಿಸರ ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ.

ಶಿಕ್ಷಕಿಯಾಗಿ ನೌಕರಿಗೆ ಸೇರಿ ಕಲಬುರಗಿಗೆ ಬಂದ ಮೇಲೆ ನಾನು ಇದೆಲ್ಲವನ್ನೂ ಬಹಳ ಬೇಗ ಮರೆತೆ. 1994ರಲ್ಲಿ ಮನೆ ಕಟ್ಟಿಸಿದಾಗ ಬೋರ್‌ವೆಲ್‌ಗೆ 180 ಅಡಿಯಲ್ಲೇ ನೀರು ಸಿಕ್ಕಿತು. ಗುಂಡಿ ಒತ್ತಿದರೆ ಟಾಕಿ ತುಂಬುವಾಗ ಕೊಡದ ಲೆಕ್ಕ ಯಾರಿಗೆ ಬೇಕು? ಎರಡು ವರ್ಷದ ನಂತರ, ಮಳೆಗಾಲದಲ್ಲಿ ಎರೆ ಮಣ್ಣು ಕಾಲಿಗೆ ಮೆತ್ತುತ್ತದೆ ಎಂದು ಅಂಗಳಕ್ಕೆಲ್ಲ ಶಹಾಬಾದ ಫರ್ಸಿ ಕಲ್ಲು ಹಾಸಿ ಸಂದುಗಳಿಗೆ ಸಿಮೆಂಟ್ ತುಂಬಿಸಿದೆ. ಅದಕ್ಕೆ ಅಡ್ಡವಾಗಿದ್ದ ಬೇವಿನ ಮರವನ್ನೂ ಕಡಿಸಿದೆ. ನಮ್ಮ ಜೊತೆಗೇ ಇದ್ದ ಅವ್ವ ಮಾತ್ರ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಪಕ್ಕದ ಮನೆಯವರ ಮಲ್ಲಿಗೆ ಬಳ್ಳಿಗೆ ಹಾಕಿ ಬರುತ್ತಿದ್ದಳು. ನೆರೆಯವರು ಏನೆಂದುಕೊಂಡಾರು ಎಂದು ನಾನು ಆಕೆಯನ್ನು ತಡೆದದ್ದುಂಟು. "ನೀರ್ ಚೆಲ್ಲಿದ್ರ ನನ್ನ ಜೀವಕ್ಕ ಸಮಾಧಾನ ಆಗಂಗಿಲ್ಲ ತಂಗಿ" ಎಂದು ಆಕೆ ಹೇಳಿದ ಮಾತು ಆಗ ನನಗೆ ಹಳೆಯ ಕಾಲದ ಹಟವಾಗಿ ಕೇಳಿಸಿತ್ತು. 2009ರಲ್ಲಿ ಅವ್ವ ತೀರಿಕೊಂಡಳು.

2016ರ ಮಾರ್ಚ್‌ನಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ಟ್ಯಾಂಕರ್‌ಗಾಗಿ ಕಾಯುತ್ತ ಕುಳಿತಿದ್ದ ಒಂದು ಮಧ್ಯಾಹ್ನ ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ಲೆಕ್ಕವನ್ನೇ ನನಗಾಗಿ ಮಾಡಿ ನೋಡಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮ ಮನೆಯ ಮೇಲ್ಛಾವಣಿ 900 ಚದರ ಅಡಿ, ಎಂದರೆ ಸುಮಾರು 84 ಚದರ ಮೀಟರ್. ಕಲಬುರಗಿಯಲ್ಲಿ ವರ್ಷಕ್ಕೆ ಸರಾಸರಿ 750 ಮಿಲಿಮೀಟರ್ ಆಸುಪಾಸಿನ ಮಳೆಯಾಗುತ್ತದೆ. ಆವಿಯಾಗಿಯೋ ಚೆಲ್ಲಿಯೋ ಐದರಲ್ಲೊಂದು ಪಾಲು ಹೋದರೂ 50,000 ಲೀಟರ್ ಉಳಿಯುತ್ತದೆ. ವರ್ಷಕ್ಕೆ 5,000 ಲೀಟರಿನ ಹತ್ತು ಟ್ಯಾಂಕರ್‌ನಷ್ಟು ನೀರನ್ನು ಇಪ್ಪತ್ತೆರಡು ವರ್ಷ ಗಟಾರಕ್ಕೆ ಬಿಟ್ಟಿದ್ದೆನೆಂಬುದು ಕಾಗದದ ಮೇಲೆ ಕಂಡಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ಆ ನೀರನ್ನು ನೆಲಕ್ಕೆ ಇಂಗಿಸುವ ಕೆಲಸಕ್ಕೆ ಬಂದ ಗವಂಡಿ ಮೊದಲು ಗೋಡೆಯ ಹತ್ತಿರವೇ ನಾಲ್ಕು ಅಡಿ ಇಂಗುಗುಂಡಿ ತೋಡೋಣವೆಂದ. ನಮ್ಮ ಎರೆ ಮಣ್ಣಿನಲ್ಲಿ ಅದು ಆಗದ ಕೆಲಸ. ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಉಬ್ಬಿದ ಮೇಲೆ ನೀರನ್ನು ಕೆಳಗಿಳಿಯಗೊಡುವುದಿಲ್ಲ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಬುನಾದಿಯ ಬಳಿ ನೀರು ನಿಲ್ಲಿಸಿದರೆ ಗೋಡೆಯೂ ಬಿರಿಯುತ್ತದೆ. ಹಿಂದೊಮ್ಮೆ ಶಾಲೆಯ ಮಕ್ಕಳನ್ನು ಬೀದರಿನ ನೌಬಾದಿನ ಸುರಂಗ ಬಾವಿ ನೋಡಲು ಕರೆದೊಯ್ದಿದ್ದೆ. ಬಹಮನಿ ಕಾಲದವರು ನೆಲದಡಿಯಲ್ಲಿ ಆ ಕಾಲುವೆ ಕೊರೆದು ನೀರು ಹರಿಸಿದ್ದು ಅಲ್ಲಿಯ ಜಂಬಿಟ್ಟಿಗೆ ಕಲ್ಲಿನ ಗುಣವನ್ನು ಅರಿತೇ. ನಮ್ಮ ನೆಲದ ಗುಣ ಬೇರೆ, ಆದ್ದರಿಂದ ಉಪಾಯವೂ ಬೇರೆಯಾಗಬೇಕಿತ್ತು. ಗೋಡೆಯಿಂದ ಹದಿನೈದು ಅಡಿ ದೂರದಲ್ಲಿ, ಎರೆ ಮುಗಿದು ನೀರಿಳಿಯುವ ಗರಸು ಮಣ್ಣು ಸಿಗುವವರೆಗೆ ಒಂಬತ್ತು ಅಡಿ ತೋಡಿಸಿ, ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಖಡಿ, ಎಲ್ಲಕ್ಕಿಂತ ಮೇಲೆ ಉಸುಕು ತುಂಬಿಸಿದೆ. ಮಾಳಿಗೆಯಿಂದ ಇಳಿಯುವ ಪೈಪಿಗೆ ಒಂದು ವಾಲ್ವ್ ಕೂಡಿಸಿ, ಮೊದಲ ಮಳೆಯ ಧೂಳು ನೀರು ಹೊರಗೆ ಹೋಗುವಂತೆ ಮಾಡಿದೆ. ಅಂಗಳದ ಅರ್ಧ ಫರ್ಸಿಯನ್ನೂ ಕೀಳಿಸಿದೆ.

ಆ ವರ್ಷ ಸೆಪ್ಟೆಂಬರ್‌ನಲ್ಲಿ ಭಾರಿ ಮಳೆಯಾಗಿ ಎಲ್ಲರ ಬೋರ್‌ವೆಲ್‌ಗಳೂ ತುಂಬಿದ್ದರಿಂದ ಅದನ್ನು ನನ್ನ ಗುಂಡಿಯ ಫಲವೆಂದು ನಾನು ಹೇಳಲಾರೆ. ಅದರ ಪರೀಕ್ಷೆಯಾದದ್ದು 2018ರಲ್ಲಿ ಮಳೆ ಕೈಕೊಟ್ಟಾಗ. 2019ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಏಪ್ರಿಲ್ ಕೊನೆಯವರೆಗೆ ದಿನಕ್ಕೆ ಅರ್ಧ ಗಂಟೆ ನೀರು ಕೊಟ್ಟಿತು. ಮೇ ತಿಂಗಳಲ್ಲಿ ಮೂರು ಟ್ಯಾಂಕರ್ ತರಿಸಬೇಕಾಯಿತು.

ಬಚ್ಚಲಿನ ನೀರಿನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಅವ್ವನ ರೂಢಿಯನ್ನು ನೆನೆದು ಬಟ್ಟೆ ಒಗೆದ ನೀರನ್ನೂ ಕರಿಬೇವಿಗೆ ಹಾಕುತ್ತ ಹೋದೆ; ಒಂದು ವರ್ಷದೊಳಗೆ ಬುಡದ ಮಣ್ಣು ಬಿಳಿ ಪೊರೆಗಟ್ಟಿ ಕಲ್ಲಿನಂತಾಯಿತು, ಗಿಡ ಒಣಗಿತು. ಡಿಟರ್ಜೆಂಟ್ ಪುಡಿಯಲ್ಲಿರುವ ಸೋಡಿಯಂ ಎರೆ ಮಣ್ಣನ್ನು ಹೀಗೆ ಕೆಡಿಸುತ್ತದೆ ಎಂಬುದನ್ನು ಆಮೇಲೆ ತಿಳಿದುಕೊಂಡೆ. ಅವ್ವ ಹಾಕುತ್ತಿದ್ದ ನೀರಿನಲ್ಲಿ ಆ ಪುಡಿ ಇರಲಿಲ್ಲ. ಈಗ ತರಕಾರಿ ತೊಳೆದ ನೀರು ಮತ್ತು ಸ್ನಾನದ ನೀರು ಗಿಡಗಳಿಗೆ ಹೋಗುತ್ತವೆ, ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ ನೀರಿನಿಂದ ನೆಲ ಒರೆಸುತ್ತೇವೆ.

ಕಿತ್ತ ಫರ್ಸಿಯ ಜಾಗದಲ್ಲಿ ಬೇವನ್ನು ಬೀಜದಿಂದಲೇ ಬೆಳೆಸಿದೆ. ಕೂಡಿಟ್ಟ ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಜೂನ್‌ನಲ್ಲಿ ಉದುರಿದ ಹಣ್ಣಿನ ತಿರುಳು ತೊಳೆದು ಅದೇ ವಾರ ಊರಬೇಕು. ಹನ್ನೆರಡು ಊರಿದ್ದರಲ್ಲಿ ಒಂದನ್ನು ಉಳಿಸಿಕೊಂಡು ಉಳಿದ ಸಸಿಗಳನ್ನು ಓಣಿಯಲ್ಲಿ ಹಂಚಿದೆ. ಮೂರು ವರ್ಷ ಕೊಡದಿಂದ ನೀರು ಹಾಕಿದೆ. ಈಗ ಅದರ ನೆರಳು ಅಡುಗೆಮನೆಯ ಕಿಟಕಿಯವರೆಗೆ ಬರುತ್ತದೆ.

ಕಿತ್ತ ಆ ಅರ್ಧದಲ್ಲಿ, ಬೇಸಿಗೆಯ ಸಂಜೆಗಳಲ್ಲಿ ಅವ್ವ ಕೂಡುತ್ತಿದ್ದ ಒಂದು ಫರ್ಸಿಯನ್ನು ಮಾತ್ರ ನಾನು ಕೀಳಿಸಿಲ್ಲ. ಪ್ರತಿ ವರ್ಷ ಮೇ ಕೊನೆಯ ವಾರ ಗುಂಡಿಯ ಉಸುಕನ್ನು ತೆಗೆದು ಆ ಫರ್ಸಿಯ ಮೇಲೆಯೇ ಹರವಿ, ಎರಡು ಬಕೆಟ್ ನೀರಿನಲ್ಲಿ ತೊಳೆದು, ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲು ಮತ್ತೆ ತುಂಬುತ್ತೇನೆ. ತೊಳೆದ ನೀರು ಅಲ್ಲಿಂದ ಬೇವಿನ ಬುಡಕ್ಕೆ ಹರಿಯುತ್ತದೆ.